ನೂರು ಮೂಟೆಯ ಕನಸು, ಎರಡು ಕೆ.ಜಿ. ಮೆಷಿನ್

ನಮ್ಮ ಕಾಫಿ ತೋಟದ ಒಂದು ಮೂಟೆ ಚೆರಿಯೂ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ವ್ಯಾಪಾರಿಯ ಲಾರಿ ಹತ್ತಬಾರದು, ಅಷ್ಟೂ ನಮ್ಮ ಹೆಸರಿನ ಪುಡಿಯಾಗಿಯೇ ಹೊರಗೆ ಹೋಗಬೇಕು. 2019ರಲ್ಲಿ ನಾನು ಹೀಗೆ ಹೇಳಿದಾಗ ಕೊಡಗಿನ ಸುಂಟಿಕೊಪ್ಪದ ಕಡೆ ನಗದೆ ಉಳಿದವರು ಕಡಿಮೆ. "ತೋಟದವನು ತೋಟ ನೋಡ್ಬೇಕು ಮಾರಾಯ, ತಕ್ಕಡಿ ಹಿಡಿಯೋದು ಅಂಗಡಿಯವರ ಕೆಲಸ" ಅಂದಿದ್ದರು ಪಕ್ಕದ ತೋಟದ ಅಣ್ಣ. ಈಗ ಅವರೇ ಫೋನ್ ಮಾಡಿ, ಪೌಚ್ ಎಲ್ಲಿಂದ ತರಿಸ್ತೀಯ, ಹುರಿಯೋಕೆ ಎಷ್ಟು ಖರ್ಚು ಬೀಳುತ್ತೆ ಅಂತ ಕೇಳುತ್ತಾರೆ. ಅದಕ್ಕೇ ಇದನ್ನು ಬರೆದು ಇಡುತ್ತಿದ್ದೇನೆ.

ನಮ್ಮದು ಎಂಟು ಎಕರೆ ರೊಬಸ್ಟಾ ಕಾಫಿ. ಹೂ ಮಳೆ ಸರಿಯಾಗಿ ಬಿದ್ದ ವರ್ಷ ನೂರು ಮೂಟೆ ಚೆರಿ ಸಿಗುತ್ತದೆ. 2018ರ ಆಗಸ್ಟ್ ಮಳೆಗೆ ಕಾಯಿ ಉದುರಿ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಕಣಕ್ಕೆ ಬಂತು. ಗುಡ್ಡವೇ ಜಾರಿ ತೋಟ ಕಳೆದುಕೊಂಡವರ ಎದುರು ನಮ್ಮದೇನೂ ದೊಡ್ಡ ನಷ್ಟ ಅಲ್ಲ. ಆದರೆ ಮೂಟೆಗೆ 3,300ರ ಆಸುಪಾಸು ಬೆಲೆ, ಆಳಿನ ಕೂಲಿ ಮಾತ್ರ ಏರುತ್ತಲೇ ಇತ್ತು. ಪುಡಿಯ ಯೋಚನೆ ಬಂದದ್ದು ಆಗ.

ಮೊದಲ ವರ್ಷ ಪುಡಿಗೆ ಅಂತ ಇಟ್ಟಿದ್ದು ಐದೇ ಮೂಟೆ. ಉಳಿದದ್ದೆಲ್ಲ ಯಾವಾಗಲೂ ಹೋಗುವ ದಾರಿಯಲ್ಲೇ ಹೋಯಿತು. ನಾನು ಹಾಕಿಕೊಂಡ ಕಟ್ಟು ಇಷ್ಟೇ: ಮುಂದಿನ ವರ್ಷ ಎಷ್ಟು ಮೂಟೆ ಎತ್ತಿಡಬೇಕು ಅನ್ನುವುದನ್ನು ಈ ವರ್ಷ ಪುಡಿಯಲ್ಲಿ ಉಳಿದ ದುಡ್ಡೇ ಹೇಳಬೇಕು. ಬೆಳೆ ತೋರಿಸಿ ಸಾಲ ತರುವ ಹಾಗಿಲ್ಲ. ಮನೆಯವಳ ಬಳೆಯ ಕಡೆ ನೋಡುವ ಹಾಗೂ ಇಲ್ಲ. (ಇದು ಅವಳು ಹಾಕಿದ ಕಟ್ಟು.)

ಲೆಕ್ಕ ನಿಮಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಒಂದು ಮೂಟೆ, ಅಂದರೆ ಐವತ್ತು ಕೆ.ಜಿ. ಚೆರಿ ಹಲ್ಲಿಂಗ್ ಮಾಡಿದರೆ (ಒಣ ಸಿಪ್ಪೆ ತೆಗೆದರೆ) 26 ಕೆ.ಜಿ. ಬೀಜ. ಬಿಬಿಬಿ, ಅಂದರೆ ಕಪ್ಪು, ಕಂದು, ಒಡಕು ಬೀಜ ಆರಿಸಿ ತೆಗೆದರೆ 24. ಹುರಿದಾಗ ಆರಕ್ಕೆ ಒಂದು ಪಾಲು ಆವಿಯಾಗಿ ಹೋಗುತ್ತದೆ. ಕೊನೆಗೆ ಮೂಟೆಗೆ 20 ಕೆ.ಜಿ. ಪುಡಿ ಅಂತ ಹಿಡಿಯಿರಿ. ಆಗ ಕೆ.ಜಿ.ಗೆ 400ರಂತೆ ಮಾರಿದೆ. ಹಲ್ಲಿಂಗ್, ಹುರಿಯುವ ಕೂಲಿ, ಪೌಚ್, ಬಸ್ ಪಾರ್ಸೆಲ್ ಎಲ್ಲ ಕಳೆದರೆ ಕಾಗದದ ಮೇಲೆ ಮೂಟೆಗೆ ಎರಡೂವರೆ ಸಾವಿರ ಜಾಸ್ತಿ ಸಿಗಬೇಕಿತ್ತು. ಕೈಗೆ ಬಂದದ್ದು ಅದರ ಅರ್ಧ.

ಉಳಿದ ಅರ್ಧ ಎಲ್ಲಿ ಹೋಯಿತು? ಸ್ವಲ್ಪ ಹುರಿಯುವವರಲ್ಲಿ. ಕೂಲಿಗೆ ಹುರಿದುಕೊಡುವ ಒಂದು ಕಡೆ ಕೊಟ್ಟಿದ್ದೆ. ನಮ್ಮ ಬೀಜ ಬೇರೆಯವರ ಬೀಜದ ಜೊತೆ ಬೆರೆತು ಬಂತು. ನಾವು ಕೂತು ಒಂದೊಂದೇ ಆರಿಸಿದ್ದಕ್ಕೆ ಅರ್ಥವೇ ಇಲ್ಲದ ಹಾಗಾಯಿತು. ಜಾಸ್ತಿ ಹೋದದ್ದು ಅಂಗಡಿಗಳಲ್ಲಿ. ಪ್ರವಾಸಿಗರು ನಿಲ್ಲಿಸುವ ರಸ್ತೆ ಬದಿ ಅಂಗಡಿಗಳಿಗೆ ಪೌಚ್ ಇಟ್ಟು ಬಂದೆ. ಮಾರಾಟವಾದ ಮೇಲೆ ದುಡ್ಡು ಅನ್ನುವ ಮಾತು. ಮೂರು ತಿಂಗಳು ಬಿಟ್ಟು ಹೋದರೆ ಅರ್ಧ ಪೌಚ್ ಬಿಸಿಲಿಗೆ ಬಣ್ಣ ಹೋಗಿ ಅಲ್ಲೇ ನೇತಾಡುತ್ತಿವೆ, ಉಳಿದ ಅರ್ಧದ ದುಡ್ಡು 'ಮುಂದಿನ ವಾರ'. ಪಕ್ಕದಲ್ಲೇ ನನ್ನ ಬೆಲೆಯ ಅರ್ಧಕ್ಕೆ ಚಿಕೋರಿ ಬೆರೆಸಿದ ಕಾಫಿ ಪುಡಿ. ಅದರಲ್ಲಿ ತಪ್ಪೇನೂ ಇಲ್ಲ. ಲೇಬಲ್‌ನಲ್ಲಿ ಬರೆದರೆ 49% ತನಕ ಚಿಕೋರಿ ಹಾಕಲು ಕಾನೂನೇ ಬಿಡುತ್ತದೆ. ಆದರೆ ಅದರ ಪಕ್ಕ ನಿಂತು ನಾನು ಗೆಲ್ಲುವ ಹಾಗಿರಲಿಲ್ಲ. ಅಂಗಡಿಗಳಿಂದ ಇನ್ನೂ ಏಳೆಂಟು ಸಾವಿರ ಬರಬೇಕು. ಬರಲ್ಲ ಬಿಡಿ.

ಆಮೇಲೆ ಅಂಗಡಿ ಪೂರ್ತಿ ಬಿಟ್ಟು ಮನೆಗಳನ್ನು ಹಿಡಿದೆ. ಬೆಂಗಳೂರು, ಮೈಸೂರಿನ ನೆಂಟರು, ಅವರ ಅಪಾರ್ಟ್‌ಮೆಂಟಿನವರು, ನಮ್ಮ ಕಡೆ ಹೋಂಸ್ಟೇಗೆ ಬಂದು ಹೋದವರು. ಫಿಲ್ಟರ್ ಕಾಫಿ ಕುಡಿಯುವ ಮನೆಗೆ ತಿಂಗಳಿಗೆ ಅರ್ಧ ಕೆ.ಜಿ.ಯಿಂದ ಒಂದು ಕೆ.ಜಿ. ಬೇಕು. ಸರಾಸರಿ 650 ಗ್ರಾಂ ಹಿಡಿದು ಒಂದು ರಾತ್ರಿ ಲೆಕ್ಕ ಹಾಕಿದೆ. ನೂರು ಮೂಟೆ ಅಂದರೆ ವರ್ಷಕ್ಕೆ 2,000 ಕೆ.ಜಿ. ಪುಡಿ, ತಿಂಗಳಿಗೆ 165. ಹತ್ತಿರ ಹತ್ತಿರ 250 ಮನೆ! ಅಷ್ಟೇನಾ ಅನ್ನಿಸಿತು. ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲೇ ಅಷ್ಟು ಮನೆ ಇರುತ್ತವೆ. ಅವತ್ತಿನಿಂದ ನಾನು ಮೂಟೆ ಲೆಕ್ಕ ಬಿಟ್ಟೆ. ವರ್ಷಕ್ಕೆ ಎಷ್ಟು ಮನೆ ಸೇರಿದವು, ಎಷ್ಟು ಬಿಟ್ಟು ಹೋದವು, ಇಷ್ಟೇ ನೋಟ್‌ಬುಕ್‌ನಲ್ಲಿ.

ಹುರಿಯುವ ಮೆಷಿನ್ ತೆಗೆದುಕೊಂಡದ್ದು ಇಪ್ಪತ್ತು ಮನೆ ಆದ ಮೇಲೆ. ಎರಡು ಕೆ.ಜಿ.ಯದು, ಗ್ಯಾಸಿನದು. ಸಾಗಾಟ ಸೇರಿ ಎರಡು ಲಕ್ಷದೊಳಗೆ ಬಂತು. ಅಲ್ಲಿಯವರೆಗೆ ಅಜ್ಜಿಯ ಕಾಲದ, ಕೈಯಲ್ಲಿ ತಿರುಗಿಸುವ ಡ್ರಮ್ಮೇ ಗತಿ. ಆಹಾರ ಸುರಕ್ಷತೆಯ ನೋಂದಣಿ ನಾನು ಮಾಡಿಸುವಾಗ 12 ಲಕ್ಷದೊಳಗಿನ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ. ಅದಕ್ಕೂ ಏಜೆಂಟ್ ಹಿಡಿದು ಸಾವಿರಗಟ್ಟಲೆ ಕೊಡುವವರಿದ್ದಾರೆ.

ಮೆಷಿನ್ ಬಂದ ಮೊದಲ ಜುಲೈ ಮಾತ್ರ ಮರೆಯಲ್ಲ. ನಮ್ಮಲ್ಲಿ ಮಳೆಗಾಲದ ಕರೆಂಟ್ ಹೇಗೆ ಅಂತ ಹೇಳಬೇಕಾಗಿಲ್ಲ. ಬೀಜ ಚಟಪಟ ಅನ್ನುವ ಹೊತ್ತಿಗೇ ಮೋಟರ್ ನಿಂತಿತು. ಗ್ಯಾಸ್ ಆರಿಸಿದರೂ ಡ್ರಮ್ಮಿನ ಕಾವು ಇಳಿಯಬೇಕಲ್ಲ? ಬಾಗಿಲು ತೆಗೆದರೆ, ಡ್ರಮ್ ತಿರುಗದೆ ಬೀಜ ಹೊರಗೆ ಬೀಳಲ್ಲ. ಸೌಟು ಹಾಕಿ ಕೆರೆದೆವು. ತಳದ ಬೀಜ ಇದ್ದಿಲಾಗಿತ್ತು, ಹೊಟ್ಟು ಹೊಗೆಯಾಡುತ್ತಿತ್ತು. ಒಂದೇ ವಾರದಲ್ಲಿ ಎರಡು ಸಲ ಹೀಗೇ. ಆಗ ಗ್ರೈಂಡರ್‌ಗೆ ಕೂಡಿಟ್ಟ ದುಡ್ಡಿನಲ್ಲಿ ಇನ್ವರ್ಟರ್ ಮತ್ತು ಬ್ಯಾಟರಿ ತಂದೆ. ಪುಡಿ ಮಾಡಲು ಮತ್ತೆ ಒಂದು ವರ್ಷ ಮಿಲ್ಲಿಗೇ ಅಲೆದೆ.

ಮಳೆಗಾಲದ ಇನ್ನೊಂದು ಕಾಟ ತೇವ. ಕಣದಲ್ಲಿ ತೇವ 11%ಗೆ ಇಳಿಸಿದ ಚೆರಿ ಆಗಸ್ಟ್ ಹೊತ್ತಿಗೆ ಮತ್ತೆ ನೀರು ಎಳೆದುಕೊಂಡಿರುತ್ತದೆ. ಈಗ ಪುಡಿಗೆ ಎತ್ತಿಟ್ಟ ಚೆರಿ ಮೂಟೆಗಳನ್ನು ಗೋಡೌನಿನಲ್ಲಿ ಇಡುವುದೇ ಇಲ್ಲ. ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತವೆ. ಹೊಗೆ ವಾಸನೆ ಹಿಡಿಯದ ಹಾಗೆ ಹೇಗೆ ಇಡುತ್ತೇನೆ ಅಂತ ಮಾತ್ರ ಕೇಳಬೇಡಿ. ಪಕ್ಕದ ಅಣ್ಣನಿಗೂ ಹೇಳಿಲ್ಲ.

ರುಚಿಯ ಬಗ್ಗೆ ಒಂದು ಮಾತು. ಬರೀ ಚೆರಿಯ ಪುಡಿಗೆ ಮಣ್ಣಿನ ಗುಣ ಜಾಸ್ತಿ. ಒಂದು ಪಾಲು ಹಣ್ಣನ್ನು ಪಲ್ಪ್ ಮಾಡಿ, ಅಂದರೆ ಹಸಿ ಸಿಪ್ಪೆ ಸುಲಿದು ತೊಳೆದು, ಒಳಪೊರೆಯೊಂದಿಗೇ ಒಣಗಿಸಿ ಪಾರ್ಚ್‌ಮೆಂಟ್ ಮಾಡುತ್ತೇನೆ. ರೊಬಸ್ಟಾದ ಲೋಳೆ ಬೇಗ ಬಿಡಲ್ಲ, ಇನ್ನೊಂದು ಜಾತಿಯ ಕಾಫಿ ಅರೇಬಿಕಾಕ್ಕಿಂತ ಎರಡು ಪಟ್ಟು ಹೊತ್ತು ಬೇಕು. ಅವಸರ ಮಾಡಿ ಬೇಗ ತೊಳೆದರೆ ಒಣಗಿಸುವಾಗ ಅಂಟು ಅಂಟು. ಎಷ್ಟು ಚೆರಿಗೆ ಎಷ್ಟು ಪಾರ್ಚ್‌ಮೆಂಟ್ ಸೇರಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ನಾಲ್ಕು ಹಂಗಾಮಿನ ಫಲ ಅದು.

ನಡುವೆ ಬೇರೆ ಹುಚ್ಚಾಟಗಳೂ ಆದವು. ನೀಲಿ ಡ್ರಮ್ಮಿನಲ್ಲಿ ಗಾಳಿ ಆಡದ ಹಾಗೆ ಹಣ್ಣು ಮುಚ್ಚಿಟ್ಟು ಕೊಳೆಸುವ ಪದ್ಧತಿ ನೋಡಿ ಬಂದು ನಾನೂ ಮಾಡಿದೆ. ಮುಚ್ಚಳ ತೆಗೆದಾಗ ಹೆಂಡದಂಗಡಿಯ ವಾಸನೆ. ಆ ಪುಡಿಯನ್ನು ಮೈಸೂರಿನ ಒಬ್ಬ ಹುಡುಗ ಮಾತ್ರ ಮೆಚ್ಚಿ ಎಲ್ಲ ತೆಗೆದುಕೊಂಡ. ಇವತ್ತಿಗೂ ಕೇಳುತ್ತಾನೆ. ಮತ್ತೆ ಮಾಡಿದರೂ ಹಾಗೆ ಬರುತ್ತಿಲ್ಲ. ಹಣ್ಣಿನ ಸಿಪ್ಪೆ ಒಣಗಿಸಿ ಚಹಾ ಮಾಡಿದೆವು. ಚೆನ್ನಾಗಿತ್ತು, ಯಾರೂ ಎರಡನೇ ಸಲ ಕೇಳಲಿಲ್ಲ. ಕಾಳುಮೆಣಸನ್ನು ಮಾತ್ರ ನೂರು ಗ್ರಾಂ ಪೊಟ್ಟಣ ಮಾಡಿ ಕಾಫಿ ಜೊತೆ ಹಾಕಿದೆ, ಅದು ಕೈ ಹಿಡಿಯಿತು. ಪಾರ್ಸೆಲ್ ಖರ್ಚು ಈಗ ಮೆಣಸೇ ಹೊರುತ್ತದೆ. ಪುನುಗು ಬೆಕ್ಕು ತಿಂದು ಹಾಕಿದ ಬೀಜದ ಕಾಫಿ ಇದೆಯಾ ಅಂತ ಕೇಳುವವರಿಗೆ ಇಲ್ಲ ಅಂತಲೇ ಉತ್ತರ.

2022ರಲ್ಲಿ ಐವತ್ತು ಮನೆ ದಾಟಿದಾಗ ಎಲ್ಲರೂ ಸಾಲ ತೆಗೆಯಲು ಹೇಳಿದರು. ಕಿರು ಆಹಾರ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಆಗ 35% ಸಹಾಯಧನ ಇತ್ತು, 10 ಲಕ್ಷದ ಮಿತಿ. ಯೋಜನೆ ಒಳ್ಳೆಯದೇ. ಆದರೆ ಸಾಲಕ್ಕೆ ಯೋಜನಾ ವರದಿ ಬರೆಯುವವರು ನನಗೆ ತೋರಿಸಿದ್ದು 15 ಕೆ.ಜಿ. ಮೆಷಿನ್, ಶೆಡ್, ಪ್ಯಾಕಿಂಗ್ ಲೈನ್. ಆ ಮೆಷಿನ್‌ನಲ್ಲಿ ನನ್ನ ತಿಂಗಳ ಮಾರಾಟ ಒಂದು ಗಂಟೆಯೊಳಗೆ ಹುರಿದು ಮುಗಿಯುತ್ತದೆ. ಉಳಿದ ದಿನವೆಲ್ಲ ಮೆಷಿನ್‌ಗೆ ಧೂಳು, ನನಗೆ ಕಂತು. ಬೇಡ ಅಂದೆ. ಹೆದರಿದ ಅಂದರು.

ಆಮೇಲೆ 2024 ಬಂತು. ವಿಯೆಟ್ನಾಂನಲ್ಲಿ ಬೆಳೆ ಕೈಕೊಟ್ಟು ನಮ್ಮಲ್ಲಿ ಚೆರಿ ಮೂಟೆಗೆ 10,000 ದಾಟಿತು. ತೋಟದವರಿಗೆಲ್ಲ ಹಬ್ಬ, ಪುಡಿಯವರಿಗೆ ಸಂಕಟ. ಒಂದು ಕೆ.ಜಿ. ಪುಡಿಗೆ ಬೀಜದ ಬೆಲೆಯೇ 500! ನಾನು 480ಕ್ಕೆ ಮಾರುತ್ತಿದ್ದವನು ಮೂರು ಸಲ ಏರಿಸಿ 780ಕ್ಕೆ ತಂದೆ. ಎಪ್ಪತ್ತು ಮನೆಯಲ್ಲಿ ಇಪ್ಪತ್ತು ಬಿಟ್ಟವು. ಇಪ್ಪತ್ತೆಂಟು ಮೂಟೆ ಪುಡಿಗೆ ಇಡುತ್ತಿದ್ದದ್ದನ್ನು ಹದಿನೆಂಟಕ್ಕೆ ಇಳಿಸಿದೆ, ಮಿಕ್ಕದ್ದನ್ನು ಆ ಬೆಲೆಗೇ ಲಾರಿಗೆ ಹಾಕಿದೆ. ಕಂತು ಇದ್ದವರಿಗೆ ಹಾಗೆ ಹಿಂದೆ ಸರಿಯಲು ಆಗಲಿಲ್ಲ. ಮೆಷಿನ್ ಓಡಿಸಲೇಬೇಕು, ಬೀಜ ಹೊರಗಿನಿಂದ ಕೊಳ್ಳಲೇಬೇಕು. ಪರಿಚಯದವರೊಬ್ಬರು ದೊಡ್ಡ ಮೆಷಿನ್ನನ್ನು ಅರ್ಧ ಬೆಲೆಗೆ ಕೊಟ್ಟುಬಿಟ್ಟರು. ನನಗೂ ಕೇಳಿದ್ದರು.

ಆ ವರ್ಷ ಚೆರಿಯಲ್ಲಿ ಬಂದ ದುಡ್ಡಿನಲ್ಲಿ ಹೊಸ ಪಲ್ಪರ್, ಒಣಗಿಸುವ ಮೇಜು, ಕೊನೆಗೂ ಒಂದು ಒಳ್ಳೆ ಗ್ರೈಂಡರ್ ಬಂತು. ಬಿಟ್ಟು ಹೋದ ಮನೆಗಳಲ್ಲಿ ಅರ್ಧದಷ್ಟು ವಾಪಸ್ ಬಂದಿವೆ, ಕೆಲವರು ಅಕ್ಕಪಕ್ಕದವರನ್ನೂ ಕರೆತಂದಿದ್ದಾರೆ. ಈಗ ನೂರು ಮನೆಯ ಹತ್ತಿರ ಇದ್ದೇನೆ, ಅಂದರೆ ನಲವತ್ತು ಮೂಟೆ. ಎರಡು ಕೆ.ಜಿ. ಮೆಷಿನ್ ಗಂಟೆಗೆ ನಾಲ್ಕು ಕೆ.ಜಿ. ಕೊಡುತ್ತದೆ. ನೂರು ಮೂಟೆಯೂ ಪುಡಿಯಾದರೆ ವಾರಕ್ಕೆ ಹತ್ತು ಗಂಟೆಯ ಕೆಲಸ, ಒಂದೂವರೆ ದಿನ ಕೂಡ ಬೇಡ. ಮೆಷಿನ್ ಬದಲಿಸುವ ಪ್ರಶ್ನೆ ಸದ್ಯಕ್ಕಿಲ್ಲ. ಬೇಕಾಗಿರುವುದು ಇನ್ನು 150 ಮನೆ. ಈ ಹಂಗಾಮಿಗೆ ಇಪ್ಪತ್ತೈದು ಅಂತ ಬರೆದುಕೊಂಡಿದ್ದೇನೆ, ಹನ್ನೊಂದು ಆಗಿವೆ.