ಗೇಮ್ ಆಡುವಾಗ ಪಿಸಿ ಬಿಸಿಯಾಗುವುದು ನಿಂತಿದ್ದು ಹೀಗೆ

ಗೇಮ್ ಶುರು ಮಾಡಿದ 20 ನಿಮಿಷಕ್ಕೆ ಗ್ರಾಫಿಕ್ಸ್ ಕಾರ್ಡ್ 86 ಡಿಗ್ರಿ ಮುಟ್ಟುತ್ತಿತ್ತು. ಫ್ರೇಮ್ ರೇಟ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಕುಸಿಯುತ್ತಿತ್ತು.

ಪ್ರೊಸೆಸರ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ, ಕಾರ್ಡಿಗೆ ಏನೂ ಆಗಲಿಲ್ಲ. ಕ್ಯಾಬಿನೆಟ್‌ನ ಮೇಲ್ಭಾಗಕ್ಕೆ ಇನ್ನೆರಡು ಫ್ಯಾನ್ ಹಾಕಿದೆ, ಸುಮ್ನೆ ಸದ್ದು ಜಾಸ್ತಿಯಾಯಿತು.

ಕೊನೆಗೆ ಪಕ್ಕದ ಗಾಜು ತೆಗೆದು ಆಡಿದೆ. 11 ಡಿಗ್ರಿ ಇಳಿಯಿತು! ಅಂದರೆ ತಪ್ಪು ಕಾರ್ಡಿನದಲ್ಲ, ಗಾಳಿಯದು. ಈ ಪರೀಕ್ಷೆ ಮೊದಲೇ ಮಾಡಬೇಕಿತ್ತು.

ತೆಳು ಕಾಗದದ ಚೂರು ಹಿಡಿದು ಒಂದೊಂದೇ ಫ್ಯಾನಿನ ಗಾಳಿ ಯಾವ ಕಡೆ ಹೋಗುತ್ತಿದೆ ಎಂದು ನೋಡಿದೆ. ಮುಂಭಾಗದ ಕೆಳಗಿನದನ್ನು ನಾನೇ ಉಲ್ಟಾ ಕೂರಿಸಿದ್ದೆ. ಸಾಮಾನ್ಯವಾಗಿ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ, ಅದನ್ನು ನೋಡಿ ತಿರುಗಿಸಿದೆ. ಮೇಲೆ ಮುಂದಿನ ತುದಿಯಲ್ಲಿದ್ದ ಫ್ಯಾನ್, ಒಳಬಂದ ತಣ್ಣನೆ ಗಾಳಿಯನ್ನು ಆಗಲೇ ಹೊರಗೆಳೆಯುತ್ತಿತ್ತು. ಅದನ್ನು ತೆಗೆದೇಬಿಟ್ಟೆ. ಡಸ್ಟ್ ಫಿಲ್ಟರ್ ತೊಳೆದು ಒಣಗಿಸಿ ಹಾಕಿದೆ. ಈಗ ಮುಂದೆ ಮೂರು 120 ಮಿ.ಮೀ. ಫ್ಯಾನ್ ಒಳಕ್ಕೆ, ಹಿಂದೆ ಒಂದು, ಮೇಲೆ ಹಿಂತುದಿಯಲ್ಲಿ ಒಂದು ಹೊರಕ್ಕೆ.

ಆಮೇಲೆ ಬಯಾಸ್, ಅಂದರೆ ಪಿಸಿ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್‌ನಲ್ಲಿ ಫ್ಯಾನ್ ವೇಗ ಹೊಂದಿಸಿದೆ. ನಾಲ್ಕು ಪಿನ್ನಿನ ಫ್ಯಾನ್ ಆದ್ದರಿಂದ ಪಿಡಬ್ಲ್ಯೂಎಂ ಮೋಡ್ (ನಾಲ್ಕನೇ ಪಿನ್ನಿನ ಸಂಕೇತದಿಂದ ವೇಗ ನಿಯಂತ್ರಿಸುವ ವಿಧಾನ). ಪ್ರೊಸೆಸರ್ 40 ಡಿಗ್ರಿ ಇದ್ದಾಗ ವೇಗ 30%, 60ಕ್ಕೆ 55%, 75ಕ್ಕೆ 80%. ಬಿಸಿ ಏರಿದಾಗ ಫ್ಯಾನ್ ವೇಗ ಹೆಚ್ಚಿಸಲು ತೆಗೆದುಕೊಳ್ಳುವ ಸಮಯ, ಅಂದರೆ ಸ್ಟೆಪ್ ಅಪ್ ಟೈಮ್, 3 ಸೆಕೆಂಡ್. ಇಲ್ಲದಿದ್ದರೆ ಫ್ಯಾನ್ ಸದ್ದು ಏರಿಳಿಯುತ್ತಲೇ ಇರುತ್ತದೆ.

ಅದೇ ಗೇಮ್, ಒಂದು ಗಂಟೆ, ಗಾಜು ಮುಚ್ಚಿ: 73 ಡಿಗ್ರಿ.