ಮುಂಬಯಿಗೆ ಹೊಸಬರೇ? ಮೊದಲು ಲೈನ್ ನೋಡಿ, ಆಮೇಲೆ ಮನೆ

ಮುಂಬಯಿಯಲ್ಲಿ ಮನೆ ಹುಡುಕುವಾಗ ಏರಿಯಾ ಹೇಗಿದೆ ಅಂತ ಕೇಳುವ ಮೊದಲು, ಆಫೀಸು ಯಾವ ಲೋಕಲ್ ರೈಲಿನ ಲೈನಿನಲ್ಲಿದೆ ಅಂತ ನೋಡಿ. ಇಲ್ಲಿ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ, ಎಷ್ಟು ಸಲ ಗಾಡಿ ಬದಲಿಸಬೇಕು ಅನ್ನುವುದೇ ಲೆಕ್ಕ. ಬೊರಿವಲಿಯಿಂದ ಚರ್ಚ್‌ಗೇಟ್ ದೂರವಾದರೂ ಒಂದೇ ಲೋಕಲ್ ಸಾಕು. ಮುಲುಂಡ್‌ನಿಂದ ಅಂಧೇರಿ ಮ್ಯಾಪಿನಲ್ಲಿ ಹತ್ತಿರ ಕಾಣುತ್ತದೆ. ಆದರೆ ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ ಹತ್ತಬೇಕು.

ವೆಸ್ಟರ್ನ್ ಲೈನ್ ಚರ್ಚ್‌ಗೇಟಿನಿಂದ ವಿರಾರ್ ಕಡೆಗೆ ಹೋಗುತ್ತದೆ. ಸೆಂಟ್ರಲ್ ಲೈನ್ ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಠಾಣೆ, ಡೊಂಬಿವಲಿ, ಕಲ್ಯಾಣಕ್ಕೆ. ಕಲ್ಯಾಣದಲ್ಲಿ ದಾರಿ ಕವಲೊಡೆಯುತ್ತದೆ: ಟಿಟ್ವಾಲಾ, ಕಸಾರಾ ಒಂದು ಕಡೆ, ಅಂಬರನಾಥ, ಬದಲಾಪುರ, ಕರ್ಜತ್ ಇನ್ನೊಂದು ಕಡೆ. ಹೊಸಬರನ್ನು ಜಾಸ್ತಿ ಸತಾಯಿಸುವುದು ಹಾರ್ಬರ್ ಲೈನ್. ವಡಾಲಾ ರೋಡ್ ದಾಟಿದ ಮೇಲೆ ಒಂದು ಗಾಡಿ ಕುರ್ಲಾ, ವಾಶಿ, ಪನ್ವೇಲ್ ಕಡೆ ತಿರುಗಿದರೆ, ಇನ್ನೊಂದು ಕಿಂಗ್ಸ್ ಸರ್ಕಲ್, ಮಾಹಿಮ್, ಬಾಂದ್ರಾ ಮೇಲೆ ಗೋರೆಗಾಂವ್‌ಗೆ ಹೋಗುತ್ತದೆ. ಬೋರ್ಡ್ ನೋಡದೆ ಸುಮ್ನೆ ಹತ್ತಬೇಡಿ.

ಬೋರ್ಡಿನಲ್ಲಿ ಗಾಡಿಯ ಕೊನೆಯ ಸ್ಟೇಷನ್, ಫಾಸ್ಟೋ (ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವುದು) ಸ್ಲೋವೋ (ಎಲ್ಲ ಕಡೆ ನಿಲ್ಲುವುದು), 12 ಡಬ್ಬವೋ 15 ಡಬ್ಬವೋ, ಎಲ್ಲ ಇರುತ್ತದೆ. ಪ್ಲಾಟ್‌ಫಾರ್ಮಿನ ಕಂಬಗಳಿಗೆ ಓರೆ ಪಟ್ಟೆ ಬಳಿದಿರುವ ಕಡೆ ಫಸ್ಟ್ ಕ್ಲಾಸ್ ಬಂದು ನಿಲ್ಲುತ್ತದೆ. ಸೆಕೆಂಡ್ ಕ್ಲಾಸ್ ಪಾಸಿನಲ್ಲಿ ಅಲ್ಲಿ ಹತ್ತಿದರೆ ದಂಡ. ಸಂಜೆ ಅಂಧೇರಿಗೆ ಹೋಗುವವರು ವಿರಾರ್ ಫಾಸ್ಟ್ ಹತ್ತದಿರುವುದೇ ಒಳ್ಳೆಯದು. ಗಾಡಿ ನಿಂತರೂ ಇಳಿಯಲು ಜನ ಜಾಗ ಬಿಡಬೇಕಲ್ವಾ?

ವಿಳಾಸ ಬರೆದುಕೊಳ್ಳುವಾಗ ಈಸ್ಟೋ ವೆಸ್ಟೋ ಕೇಳಲೇಬೇಕು. ಹಳಿಯ ಆ ಕಡೆ, ಈ ಕಡೆ ಎರಡು ಊರುಗಳಿದ್ದ ಹಾಗೆ. ಮಾಟುಂಗಾ ಅಂದರಂತೂ ಮೂರು ಸ್ಟೇಷನ್: ಸೆಂಟ್ರಲ್‌ನಲ್ಲಿ ಮಾಟುಂಗಾ, ವೆಸ್ಟರ್ನ್‌ನಲ್ಲಿ ಮಾಟುಂಗಾ ರೋಡ್, ಹಾರ್ಬರ್‌ನಲ್ಲಿ ಕಿಂಗ್ಸ್ ಸರ್ಕಲ್. ಬಾಳೆಎಲೆ, ಮಲ್ಲಿಗೆ, ಫಿಲ್ಟರ್ ಕಾಫಿಪುಡಿ ಬೇಕಿದ್ದರೆ, ಅಥವಾ ಮೈಸೂರು ಅಸೋಸಿಯೇಷನ್‌ಗೆ ಹೋಗುವುದಿದ್ದರೆ ಮಾಟುಂಗಾ ಈಸ್ಟ್. ಸೆಂಟ್ರಲ್‌ನಲ್ಲಿ ಸ್ಲೋ ಗಾಡಿಯನ್ನೇ ಹಿಡಿಯಿರಿ, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ.

ಊರಿನಿಂದ ಅಪ್ಪ ಅಮ್ಮ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ಇಳಿಯುವುದು ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಎಲ್ಲರೂ ಇದನ್ನು ಕುರ್ಲಾ ಟರ್ಮಿನಸ್ ಅನ್ನುತ್ತಾರೆ, ಆದರೆ ಇದು ಕುರ್ಲಾ ಸ್ಟೇಷನ್ ಅಲ್ಲ. ಹತ್ತಿರದ ಲೋಕಲ್ ಸ್ಟೇಷನ್ ಹಾರ್ಬರ್ ಲೈನಿನ ತಿಲಕ್ ನಗರ್. ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೆ ಬರುತ್ತದೆ, ಶರಾವತಿ ದಾದರ್‌ಗೆ. ದಾದರ್‌ನಲ್ಲಿ ಪ್ಲಾಟ್‌ಫಾರ್ಮ್ ನಂಬರುಗಳು 2023ರ ಡಿಸೆಂಬರ್‌ನಲ್ಲಿ ಬದಲಾಗಿವೆ: 1ರಿಂದ 7 ವೆಸ್ಟರ್ನ್, 8ರಿಂದ ಮುಂದಿನವು ಸೆಂಟ್ರಲ್. ಹಳಬರು ಬಾಯಿಪಾಠ ಹೇಳುವ ನಂಬರನ್ನು ನಂಬಬೇಡಿ. ಟಾಟಾ ಆಸ್ಪತ್ರೆಗೆ ಬರುವವರಿಗೆ ಪರೇಲ್ ಹತ್ತಿರ.

ಆಟೋ ಸಿಗುವುದು ಬಾಂದ್ರಾ ಮತ್ತು ಸಾಯನ್‌ನಿಂದ ಆಚೆಗೆ ಮಾತ್ರ. ದಕ್ಷಿಣಕ್ಕೆ ಟ್ಯಾಕ್ಸಿ, ಇಲ್ಲವೇ ಬೆಸ್ಟ್ (BEST, ನಗರ ಸಾರಿಗೆ) ಬಸ್.

ಮಕ್ಕಳನ್ನು ಸುತ್ತಾಡಿಸುವುದಿದ್ದರೆ ಮರೀನ್ ಡ್ರೈವ್‌ಗೆ ಚರ್ಚ್‌ಗೇಟ್‌ನಲ್ಲಿ, ಗಿರಗಾಂವ್ ಚೌಪಾಟಿಗೆ ಚರ್ನಿ ರೋಡ್‌ನಲ್ಲಿ, ರಾಣಿಬಾಗ್ ಪ್ರಾಣಿಸಂಗ್ರಹಾಲಯಕ್ಕೆ ಭಾಯಖಳಾದಲ್ಲಿ (ಬೈಕುಲಾ) ಇಳಿಯಿರಿ. ಭಾನುವಾರ ಹೊರಡುವವರು ಮೆಗಾ ಬ್ಲಾಕ್ (ಹಳಿ ದುರಸ್ತಿಗಾಗಿ ಗಾಡಿಗಳನ್ನು ನಿಲ್ಲಿಸುವುದು) ಯಾವ ಲೈನಿನಲ್ಲಿ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ರಾಣಿಬಾಗ್‌ಗೆ ಬುಧವಾರ ರಜೆ.