ಪ್ರಾಡಕ್ಟ್ ಮ್ಯಾನೇಜರ್ ಆಫರ್ ಬಂತಾ? ಮೊದಲು ಲೆವೆಲ್ ಕೇಳಿ, ಆಮೇಲೆ ದುಡ್ಡು

ರಿಕ್ರೂಟರ್ ಫೋನ್ ಮಾಡಿ ಬೇಸ್ (ಮೂಲ ಸಂಬಳ) ಇಷ್ಟು, ಬೋನಸ್ ಇಷ್ಟು, ಸ್ಟಾಕ್ (ಕಂಪನಿಯ ಷೇರು) ಇಷ್ಟು ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸುತ್ತಾರೆ. ಆಗ ನಿಮ್ಮ ಬಾಯಿಂದ ಬರಬೇಕಾದ್ದು ಇಷ್ಟೇ: "ತುಂಬಾ ಖುಷಿಯಾಯ್ತು. ಎಲ್ಲಾ ವಿವರ ಮೇಲ್‌ನಲ್ಲಿ ಕಳಿಸ್ತೀರಾ? ನೋಡಿ ಎರಡು ದಿನದಲ್ಲಿ ಮಾತಾಡ್ತೀನಿ." ಒಪ್ಪಿಕೊಳ್ಳಲೂ ಬೇಡಿ, ಬೇಸರ ತೋರಿಸಲೂ ಬೇಡಿ.

ನಾನು ಮೊದಲ ಸಲ ಫೋನಿನಲ್ಲೇ "ಓಕೆ" ಅಂದಿದ್ದೆ. ಸಂಖ್ಯೆ ನನ್ನ ಹಳೆಯ ಸಂಬಳಕ್ಕಿಂತ ಜಾಸ್ತಿ ಇತ್ತು, ಅಷ್ಟು ಸಾಕು ಅನಿಸಿತ್ತು. ಆರು ತಿಂಗಳಾದ ಮೇಲೆ ಗೊತ್ತಾಯಿತು, ನನ್ನಷ್ಟೇ ಅನುಭವ ಇದ್ದವರು ಪಕ್ಕದ ಟೀಮಿಗೆ ಒಂದು ಲೆವೆಲ್, ಅಂದರೆ ಕಂಪನಿಯೊಳಗಿನ ಒಂದು ದರ್ಜೆ, ಮೇಲೆ ಸೇರಿದ್ದರು. ಆ ಒಂದು ಲೆವೆಲ್ ಹತ್ತೋಕೆ ನನಗೆ ಎರಡು ವರ್ಷ ಹಿಡಿಯಿತು.

ಅದಕ್ಕೇ ಹೇಳುತ್ತಿದ್ದೇನೆ, ದುಡ್ಡಿಗಿಂತ ಮೊದಲು ಲೆವೆಲ್. ದೊಡ್ಡ ಕಂಪನಿಗಳಲ್ಲಿ ಪ್ರತಿ ಲೆವೆಲ್‌ಗೂ ಒಂದು ಬ್ಯಾಂಡ್, ಅಂದರೆ ಸಂಬಳದ ಕೆಳಮಿತಿ-ಮೇಲ್ಮಿತಿ, ಇರುತ್ತದೆ. ನೀವು ಎಷ್ಟೇ ಚೆನ್ನಾಗಿ ಮಾತಾಡಿದರೂ ಆ ಬ್ಯಾಂಡಿನ ಒಳಗೇ ಓಡಾಡಬೇಕು. ಲೆವೆಲ್ ಬದಲಾದರೆ ಬೇಸ್, ಬೋನಸ್ ಶೇಕಡಾವಾರು, ಸ್ಟಾಕ್ ಮೂರೂ ಒಟ್ಟಿಗೆ ಏರುತ್ತವೆ. ಹೆಸರು, ನಂಬರ್ ನೋಡಿ ಮೋಸ ಹೋಗಬೇಡಿ. ಅಮೆಜಾನ್‌ನ ಎಲ್6 (ಲೆವೆಲ್ 6) ಸಾಮಾನ್ಯವಾಗಿ ಗೂಗಲ್‌ನ ಎಲ್5 ಹತ್ತಿರ ಬರುತ್ತದೆ, ಮೈಕ್ರೋಸಾಫ್ಟ್‌ನಲ್ಲಂತೂ ಸೀನಿಯರ್ ಅಂದರೆ ಲೆವೆಲ್ 63-64, ಪ್ರಿನ್ಸಿಪಲ್ 65ರಿಂದ ಶುರು.

ಇದನ್ನು ಆಫರ್ ಬಂದ ಮೇಲೂ ಕೇಳಬಹುದು, ಆದರೆ ಅಷ್ಟು ಹೊತ್ತಿಗೆ ಸ್ವಲ್ಪ ತಡವಾಗಿರುತ್ತದೆ. ಮೊದಲ ಕಾಲ್‌ನಲ್ಲೇ ಬಾಯಿಬಿಟ್ಟು ಕೇಳಿ: "ಯಾವ ಲೆವೆಲ್‌ಗೆ ನನ್ನ ಇಂಟರ್‌ವ್ಯೂ ಮಾಡ್ತಿದ್ದೀರಿ?" ಪ್ರಾಡಕ್ಟ್ ಮ್ಯಾನೇಜರ್‌ಗಳ ಲೆವೆಲ್ ನಿಂತಿರುವುದು ಕೆಲಸದ ವ್ಯಾಪ್ತಿಯ ಮೇಲೆ. "ಚೆಕ್‌ಔಟ್ ಪುಟ ಹೊಸದಾಗಿ ಮಾಡಿದೆ" ಅಂದರೆ ನಿಮ್ಮನ್ನು ಒಂದು ಫೀಚರ್ ನೋಡಿಕೊಳ್ಳುವವರು ಅಂತ ಬರೆದುಕೊಳ್ಳುತ್ತಾರೆ. ಅದೇ ಕೆಲಸವನ್ನು, "ಪೇಮೆಂಟ್, ರಿಸ್ಕ್, ಲೀಗಲ್ ಮೂರು ಟೀಮುಗಳಿಗೂ ಬೇರೆ ಬೇರೆ ಗುರಿ ಇತ್ತು, ಅವರನ್ನು ಒಂದು ದಾರಿಗೆ ತಂದೆ, ಆ ವರ್ಷ ಯಾವ ಎರಡು ಪ್ರಾಜೆಕ್ಟ್ ಕೈಬಿಡಬೇಕು ಅನ್ನೋದನ್ನೂ ನಾನೇ ನಿರ್ಧರಿಸಿದೆ" ಅಂತ ಹೇಳಿದರೆ, ಅದು ನಿಜವೂ ಆಗಿದ್ದರೆ, ಕೂತು ಫೀಡ್‌ಬ್ಯಾಕ್ ಓದುವವರಿಗೆ ಬೇರೆಯೇ ಚಿತ್ರ ಸಿಗುತ್ತದೆ. ಕೆಳಗಿನ ಲೆವೆಲ್ ಕೊಟ್ಟರೂ ಸುಮ್ನೆ ಬಿಡಬೇಡಿ. ಫೀಡ್‌ಬ್ಯಾಕ್‌ನಲ್ಲಿ ಏನು ಕಡಿಮೆಯಾಯಿತು, ಇನ್ನೊಂದು ಇಂಟರ್‌ವ್ಯೂ ಕೊಟ್ಟು ಮತ್ತೆ ನೋಡಲು ಆಗುತ್ತದಾ ಅಂತ ಕೇಳಿ. ಆಗಲ್ಲ ಅಂದರೆ ಆ ಬ್ಯಾಂಡಿನ ಮೇಲ್ತುದಿ ಕೇಳುವುದಕ್ಕೆ ಅದೇ ನಿಮ್ಮ ಕಾರಣ.

ಹಳೆಯ ಸಂಬಳ ಹೇಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅದನ್ನು ಕೇಳುವುದಕ್ಕೇ ಕಾನೂನಿನ ತಡೆ ಇದೆ, 2023ರಿಂದ ಅಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಂಪನಿಗಳು ಜಾಹೀರಾತಿನಲ್ಲೇ ಸಂಬಳದ ರೇಂಜ್ ಹಾಕಬೇಕು. ನೀವು ಬೇರೆ ಕಡೆ ಇದ್ದರೂ ಆ ರೇಂಜ್ ಓದಿ. ಮೊತ್ತ ನಿಮಗೆ ಅನ್ವಯಿಸದಿರಬಹುದು, ಆದರೆ ಒಂದು ಲೆವೆಲ್‌ನ ಕೆಳತುದಿಗೂ ಮೇಲ್ತುದಿಗೂ ಎಷ್ಟು ಅಂತರ ಅನ್ನೋದು ತಿಳಿಯುತ್ತದೆ. ಅದರಲ್ಲಿ ಸ್ಟಾಕ್ ಸಾಮಾನ್ಯವಾಗಿ ಸೇರಿರುವುದಿಲ್ಲ ಅನ್ನೋದು ನೆನಪಿರಲಿ. ಎಷ್ಟು ನಿರೀಕ್ಷೆ ಅಂತ ಒತ್ತಾಯ ಮಾಡಿದರೆ, "ಈ ಲೆವೆಲ್‌ಗೆ ನಿಮ್ಮ ಬ್ಯಾಂಡ್ ಹೇಳಿ, ಹೊಂದುತ್ತಾ ನೋಡೋಣ" ಅಂತ ತಿರುಗಿ ಕೇಳಿ.

ಈಗ ಒಂದು ಶೀಟ್ ತೆಗೆಯಿರಿ. ತಲೆಯಲ್ಲೇ ಲೆಕ್ಕ ಹಾಕಬೇಡಿ. ಅಡ್ಡಕ್ಕೆ ನಾಲ್ಕು ವರ್ಷ, ಉದ್ದಕ್ಕೆ ಬೇಸ್, ಬೋನಸ್, ಸ್ಟಾಕ್, ಸೈನ್-ಆನ್ (ಸೇರಿದ್ದಕ್ಕೆ ಕೊಡುವ ನಗದು). ಎರಡು ಕಂಪನಿ ನಾಲ್ಕು ವರ್ಷಕ್ಕೆ ಹಂಚಿ ತಲಾ 100 ಸ್ಟಾಕ್ ಕೊಟ್ಟವು ಅಂದುಕೊಳ್ಳಿ. ಒಂದು ಕಡೆ ವರ್ಷಕ್ಕೆ 25ರಂತೆ ಸಮನಾಗಿ ಬರುತ್ತದೆ. ಇನ್ನೊಂದು ಕಡೆ ಅಮೆಜಾನ್‌ನ ಪರಿಚಿತ ಲೆಕ್ಕ: ಮೊದಲ ವರ್ಷ 5, ಎರಡನೇ ವರ್ಷ 15, ಆಮೇಲೆ 40, 40. ಒಂದು ವರ್ಷಕ್ಕೆ ಬಿಟ್ಟರೆ ಅಲ್ಲಿ 25, ಇಲ್ಲಿ 5! ಈ ಹಳ್ಳ ತುಂಬೋದಕ್ಕೇ ಅವರು ಮೊದಲ ಎರಡು ವರ್ಷ ಸೈನ್-ಆನ್ ನಗದು ಕೊಡುತ್ತಾರೆ. ಶೀಟಿನಲ್ಲಿ ಷೇರು ಬೆಲೆ ಏರುತ್ತೆ ಅಂತ ಒಂದು ಪೈಸೆಯೂ ಸೇರಿಸಬೇಡಿ. ಸ್ಟಾಕ್ ಎಷ್ಟು ಯೂನಿಟ್ ಅನ್ನೋದನ್ನ ಯಾವ ದಿನದ ಬೆಲೆಯಲ್ಲಿ ನಿರ್ಧರಿಸುತ್ತಾರೆ, ಪ್ರತಿ ವರ್ಷ ರಿಫ್ರೆಶರ್ (ಸೇರಿದ ಮೇಲೆ ಕೊಡುವ ಹೆಚ್ಚುವರಿ ಸ್ಟಾಕ್) ಸಿಗುತ್ತದಾ, ಒಂದು ವರ್ಷದೊಳಗೆ ಬಿಟ್ಟರೆ ಸೈನ್-ಆನ್ ಪೂರ್ತಿ ವಾಪಸ್ ಕೊಡಬೇಕಾ ಅಥವಾ ಉಳಿದ ತಿಂಗಳುಗಳದ್ದು ಮಾತ್ರವಾ, ಇವನ್ನೆಲ್ಲ ಕೇಳಿ ಬರೆದಿಡಿ.

ಚೌಕಾಸಿಗೆ ಎಲ್ಲಿ ಜಾಗ ಜಾಸ್ತಿ? ನನ್ನ ಪ್ರಕಾರ ಸ್ಟಾಕ್‌ನಲ್ಲಿ, ಆಮೇಲೆ ಸೈನ್-ಆನ್‌ನಲ್ಲಿ. ಬೇಸ್ ಸ್ವಲ್ಪವೇ ಅಲುಗಾಡುತ್ತದೆ. ಅಮೆಜಾನ್‌ನಲ್ಲಿ ಬೇಸ್‌ಗೆ 1,60,000 ಡಾಲರ್ ಮಿತಿ ಇತ್ತು, 2022ರಲ್ಲಿ ಅದನ್ನು 3,50,000ಕ್ಕೆ ಏರಿಸಿದರು. ಬೋನಸ್ ಶೇಕಡಾವಾರು ಬಗ್ಗೆ ವಾದ ಮಾಡಿ ಸಮಯ ಹಾಳು ಮಾಡಬೇಡಿ, ಅದು ಲೆವೆಲ್‌ಗೆ ಕಟ್ಟಿದ್ದು.

ಕೈಯಲ್ಲಿ ಇನ್ನೊಂದು ಆಫರ್ ಇದ್ದರೆ ಅದಕ್ಕಿಂತ ದೊಡ್ಡ ಬಲ ಇಲ್ಲ. ಇಂಟರ್‌ವ್ಯೂಗಳನ್ನು ಒಂದೇ ಎರಡು ವಾರದಲ್ಲಿ ಹೊಂದಿಸಿಕೊಳ್ಳಿ, ಒಂದು ಕಡೆ ಮುಂದೆ ಓಡಿದರೆ ಇನ್ನೊಂದು ಕಡೆಯವರಿಗೆ ತಿಳಿಸಿ. ಇಲ್ಲದ ಆಫರ್ ಇದೆ ಅಂತ ಮಾತ್ರ ಹೇಳಬೇಡಿ. ಪತ್ರ ತೋರಿಸಿ ಅಂದರೆ ಅಲ್ಲಿಗೆ ನಂಬಿಕೆ ಹೋಯಿತು. ಬೇರೆ ಆಫರ್ ಇಲ್ಲವಾ? ಈಗಿನ ಕೆಲಸ ಬಿಟ್ಟರೆ ಕಳೆದುಕೊಳ್ಳುವುದನ್ನು ದಿನಾಂಕ ಸಮೇತ ಬರೆಯಿರಿ: ಇನ್ನೂ ಕೈಗೆ ಬರದ ಸ್ಟಾಕ್, ಎರಡು ತಿಂಗಳಲ್ಲಿ ಬರಬೇಕಿದ್ದ ಬೋನಸ್. ಇದು ನಿಜವಾದ ನಷ್ಟ, ರಿಕ್ರೂಟರ್‌ಗೂ ಸುಲಭವಾಗಿ ಅರ್ಥವಾಗುತ್ತದೆ.

ನೆನಪಿಡಿ, ನಿಮ್ಮ ಜೊತೆ ಮಾತಾಡುವವರೇ ಸಂಬಳ ನಿರ್ಧರಿಸುವವರಲ್ಲ. ಅವರು ಒಳಗಿನ ಕಾಂಪನ್ಸೇಷನ್ ಟೀಮಿನ ಹತ್ತಿರ ನಿಮ್ಮ ಪರವಾಗಿ ಹೋಗಿ ಕೇಳಬೇಕು. ಹಾಗಾಗಿ ಹಾಗೇ ಮುಂದಕ್ಕೆ ಕಳಿಸುವಂಥ ನಾಲ್ಕು ಸಾಲು ಕೊಡಿ: "ಈ ಟೀಮಿಗೇ ಸೇರಬೇಕು ಅನ್ನೋದು ನನ್ನ ಆಸೆ. ಈಗಿನ ಕೆಲಸದಲ್ಲಿ ಇಷ್ಟು ಸ್ಟಾಕ್ ಬಿಟ್ಟು ಬರ್ತಿದ್ದೇನೆ, ಇನ್ನೊಂದು ಕಡೆಯ ಆಫರ್ ಇಷ್ಟಿದೆ. ಸ್ಟಾಕ್ ಇಷ್ಟಕ್ಕೆ, ಸೈನ್-ಆನ್ ಇಷ್ಟಕ್ಕೆ ಬಂದರೆ ಶುಕ್ರವಾರವೇ ಸಹಿ ಹಾಕ್ತೀನಿ." ರೇಂಜ್ ಬೇಡ, ಒಂದೇ ಸಂಖ್ಯೆ. ರೇಂಜ್ ಕೊಟ್ಟರೆ ಅವರಿಗೆ ಕೇಳಿಸೋದು ಕೆಳಗಿನ ಸಂಖ್ಯೆ ಮಾತ್ರ. ಮನೆ ಸಾಲ, ಖರ್ಚು ಇವನ್ನೆಲ್ಲ ಎತ್ತಬೇಡಿ. ಫೋನಿನಲ್ಲಿ ಹೇಳಿದರೆ, ಸಂಖ್ಯೆ ಹೇಳಿದ ಮೇಲೆ ಸುಮ್ಮನಿರಿ. ಹತ್ತು ಸೆಕೆಂಡ್ ಯಾರೂ ಮಾತಾಡದಿದ್ದಾಗ "ಪರವಾಗಿಲ್ಲ, ಸ್ವಲ್ಪ ಕಡಿಮೆ ಆದರೂ ನಡೆಯುತ್ತೆ" ಅನ್ನಬೇಕು ಅನಿಸುತ್ತದೆ, ಅಲ್ವಾ? ಅನ್ನಬೇಡಿ.

ಕೇಳಿದರೆ ಆಫರ್ ವಾಪಸ್ ತಗೊಂಡರೆ ಅನ್ನೋ ಭಯ ಎಲ್ಲರಿಗೂ ಇರುತ್ತದೆ. ಮರ್ಯಾದೆಯಿಂದ ಒಂದೆರಡು ಸಲ ಕೇಳಿದ್ದಕ್ಕೆ ಹಾಗಾಗಿದ್ದು ನಾನು ಕಂಡಿಲ್ಲ. ಒಪ್ಪಿದ ಮೇಲೆ ಮತ್ತೆ ಹೊಸದಾಗಿ ಕೇಳಿದರೆ ಮಾತ್ರ ಸಂಬಂಧ ಕೆಡುತ್ತದೆ.

ಹೊಸ ಪತ್ರ ಬಂದಾಗ ಲೆವೆಲ್, ಸ್ಟಾಕ್ ಮೊತ್ತ, ವೆಸ್ಟಿಂಗ್ (ಸ್ಟಾಕ್ ಕಂತಿನಲ್ಲಿ ನಿಮ್ಮದಾಗೋದು) ಶುರುವಾಗುವ ದಿನ ಮೂರನ್ನೂ ಶೀಟಿನ ಪಕ್ಕ ಇಟ್ಟು ನೋಡಿ. "ಆರು ತಿಂಗಳಲ್ಲಿ ಪ್ರಮೋಷನ್ ನೋಡೋಣ" ಅಂತ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಪತ್ರದಲ್ಲಿ ಇಲ್ಲದಿದ್ದರೆ ಲೆಕ್ಕಕ್ಕೆ ತಗೊಳ್ಳಬೇಡಿ. ಸಹಿ ಆಗಿ ಬ್ಯಾಕ್‌ಗ್ರೌಂಡ್ ಚೆಕ್ ಮುಗಿಯುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.